ಸಾಗರದ ಹಳ್ಳಿಗಳಿಂದ ಐದು ಹಸೆ ಚಿತ್ತಾರ ಬರೆಸಿ ತಂದ ಕಥೆ

ನಮ್ಮ ಮನೆಯ ನಡುಮನೆಗೆ ಹಸೆ ಚಿತ್ತಾರ ಹಾಕಬೇಕು ಅಂತ ನನಗೆ ಮೂರು ವರ್ಷದಿಂದ ಆಸೆ ಇತ್ತು. ಪ್ರಿಂಟ್ ಹೊಡೆದದ್ದು ಅಂಗಡಿಯಲ್ಲೇ ಸಿಗುತ್ತದೆ, ಅದು ಬೇಡ. ಒಬ್ಬರೇ ಬರೆದ ಐದು ಚಿತ್ರವೂ ಬೇಡ. ಒಂದೇ ಅಳತೆಯ ಐದು ಹಲಗೆ, ಐದು ಮನೆ, ಐದು ಕೈ. ಪ್ರತಿಯೊಬ್ಬರೂ ತಮಗೆ ಇಷ್ಟವಾದದ್ದನ್ನು ಬರೆದುಕೊಡಬೇಕು. ಕಳೆದ ವರ್ಷ ನಾನು, ನನ್ನ ತಂಗಿ ಶಿವಮೊಗ್ಗದಿಂದ ಎರಡು ಸಲ ಸಾಗರದ ಕಡೆ ಹೋಗಿ ಈ ಕೆಲಸ ಮುಗಿಸಿಕೊಂಡು ಬಂದೆವು. ಹೀಗೇ ಹೇಳಿ ಬರೆಸಿಕೊಳ್ಳಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಸೆ ಚಿತ್ತಾರ ದೀವರು ಅನ್ನುವ ಸಮುದಾಯದ ಮನೆಯ ಹೆಣ್ಣುಮಕ್ಕಳ ಕಲೆ. ಸಾಗರ, ಸೊರಬ, ಹೊಸನಗರದ ಕಡೆ ದೀವರ ಊರುಗಳು ಜಾಸ್ತಿ. ಮದುವೆಯಲ್ಲಿ ಹೆಣ್ಣು ಗಂಡು ಕೂರುವ ಜಾಗ ಹಸೆ. ಅದರ ಹಿಂದಿನ ಗೋಡೆಗೆ ಬರೆಯುವುದು ಹಸೆ ಚಿತ್ತಾರ. ಅಲ್ಲಿ ಯಾರೂ ಚಿತ್ತಾರ ಬಿಡಿಸುವುದು ಅನ್ನುವುದಿಲ್ಲ, ಚಿತ್ತಾರ ಬರೆಯುವುದು ಅಂತಲೇ ಅನ್ನುತ್ತಾರೆ. ನೀವೂ ಹಾಗೇ ಕೇಳಿ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ಗಿಡದ ನಾರಿನದು.

ಈಗ ಬಹಳ ಮನೆಗಳಲ್ಲಿ ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಬಂದಿದೆ. ಹಾಗಾಗಿ ಚಿತ್ತಾರ ಗೋಡೆಯಿಂದ ಹಲಗೆಗೆ, ಬಟ್ಟೆಗೆ, ಕಾಗದಕ್ಕೆ ಇಳಿದಿದೆ. ಅಂಗಡಿಯ ಬಣ್ಣದಲ್ಲಿ ಬರೆಯುವವರೂ ಇದ್ದಾರೆ. ಅದು ತಪ್ಪಲ್ಲ, ಬಾಳಿಕೆಯೂ ಚೆನ್ನಾಗಿದೆ. ಆದರೆ ನಿಮಗೆ ಮಣ್ಣು, ಅಕ್ಕಿಯದೇ ಬೇಕಾದರೆ ಮೊದಲೇ ಬಾಯಿಬಿಟ್ಟು ಹೇಳಿ. ನಾವು ಒಂದು ಮನೆಯಲ್ಲಿ ಹೇಳುವುದು ಮರೆತು, ಆಮೇಲೆ ಫೋನ್ ಮಾಡಿ ಹೇಳಬೇಕಾಯಿತು. ಅಷ್ಟರಲ್ಲಿ ಅವರು ಬಣ್ಣದ ಡಬ್ಬಿ ತಂದಿಟ್ಟುಕೊಂಡಿದ್ದರು. ಆ ಡಬ್ಬಿಯ ದುಡ್ಡು ನಾವೇ ಕೊಟ್ಟೆವು.

ಎಲ್ಲಕ್ಕಿಂತ ಮುಖ್ಯ ಹೋಗುವ ದಿನ. ಬರೆಯುವವರು ದಿನವಿಡೀ ಅದನ್ನೇ ಮಾಡುವವರಲ್ಲ. ಗದ್ದೆ ಇದೆ, ದನ ಇದೆ, ಮನೆ ಇದೆ. ಆಷಾಢ, ಶ್ರಾವಣದಲ್ಲಿ ನಾಟಿ. ದೀಪಾವಳಿ ಕಳೆದರೆ ಭತ್ತದ ಕೊಯ್ಲು, ಅಡಿಕೆ ಕೊಯ್ಲು. ನಡುವೆ ಸಿಗುವುದು ಚೌತಿ, ದಸರಾದ ಆಸುಪಾಸಿನ ಸ್ವಲ್ಪ ದಿನ. ನಾವು ಮೊದಲ ಸಲ ಹೋಗಿದ್ದು ಆಗಸ್ಟ್ ಕೊನೆಯಲ್ಲಿ, ನಾಟಿ ಮುಗಿದ ಮೇಲೆ. ಹಲಗೆ, ಮುಂಗಡ ಕೊಟ್ಟು ಬಂದೆವು. "ಯಾವಾಗ ಬರಲಿ ಅಕ್ಕ?" ಅಂತ ಕೇಳಿದೆವು, "ಇಂಥ ದಿನ ಬರ್ತೀವಿ" ಅನ್ನಲಿಲ್ಲ. ಈ ಒಂದು ಮಾತಿನಿಂದ ನಮ್ಮ ಅರ್ಧ ಕೆಲಸ ಹಗುರವಾಯಿತು ಅಂತ ನನ್ನ ನಂಬಿಕೆ.

ದಾರಿಯ ವಿಷಯ ಜಾಸ್ತಿ ಹೇಳುವುದಿಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ. ಆಯನೂರು, ಕುಂಸಿ, ಆನಂದಪುರದ ಮೇಲೆ ಬಸ್ಸಿನಲ್ಲಿ ಎರಡು ಗಂಟೆ ಹಿಡಿಯುತ್ತದೆ. ಬೆಂಗಳೂರಿನವರಿಗೆ ತಾಳಗುಪ್ಪದ ರಾತ್ರಿ ರೈಲು ಅನುಕೂಲ, ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ಸಾಗರದಿಂದ ಹಳ್ಳಿಗೆ ಬಸ್ ಕಡಿಮೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಅನ್ನುವ ಹಾಗೆ. ಒಂದೇ ದಿನ ಐದು ಮನೆ ಅಂದರೆ ಬಸ್ ನಂಬಿಕೊಂಡರೆ ಆಗುವುದಿಲ್ಲ. ನಾವು ಇಡೀ ದಿನಕ್ಕೆ ಆಟೋ ಮಾತಾಡಿಕೊಂಡೆವು. ಆಟೋದವರಿಗೆ ಊರು ಮಾತ್ರವಲ್ಲ, ಮನೆಯೂ ಗೊತ್ತಿರುತ್ತದೆ. ಮಳೆ ಬಿಟ್ಟಿರದಿದ್ದರೆ ಉಪ್ಪಿನ ಪೊಟ್ಟಣ ಜೊತೆಗಿರಲಿ. ಅಂಗಳದ ಹುಲ್ಲಿನಲ್ಲೂ ರಕ್ತ ಹೀರುವ ಉಂಬಳ ಇರುತ್ತವೆ.

ಬರೆಯುವವರನ್ನು ಹುಡುಕುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಸಾಗರದಿಂದ ಜೋಗದ ದಾರಿಯಲ್ಲಿ ಸಿಗುವ ಸಿರಿವಂತೆಯ ಹೆಸರು ಚಿತ್ತಾರದ ಜೊತೆ ಕೇಳಿಬರುತ್ತದೆ. ಚಿತ್ತಾರವನ್ನು ಹೊರಗಿನವರಿಗೆ ಪರಿಚಯಿಸಿದವರಲ್ಲಿ ಒಬ್ಬರಾದ ಚಂದ್ರಶೇಖರ್ ಸಿರಿವಂತೆ ಆ ಊರಿನವರೇ. ಆದರೆ ಹೆಸರಾದವರ ಹತ್ತಿರ ಮಾತ್ರ ಹೋಗಬೇಡಿ. ಒಂದು ಮನೆಗೆ ಹೋಗಿ ಕೂತು, "ನಿಮ್ಮ ಕಡೆ ಇನ್ಯಾರು ಬರೀತಾರೆ?" ಅಂತ ಕೇಳಿ. ಅತ್ತಿಗೆ, ಚಿಕ್ಕಮ್ಮ, ಮಗಳನ್ನು ಕೊಟ್ಟ ಊರಿನ ಬೀಗಿತ್ತಿ, ಹೀಗೆ ಒಂದೊಂದೇ ಹೆಸರು ಹೊರಗೆ ಬರುತ್ತದೆ. ನಮಗೆ ಮೊದಲ ಮನೆಯಿಂದಲೇ ಮೂರು ಜನ ಸಿಕ್ಕರು.

ಆ ಮೊದಲ ಮನೆಯಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಫೋನಿನಲ್ಲಿ ಚಂದದ ಒಂದು ಚಿತ್ತಾರದ ಫೋಟೋ ಇತ್ತು. ತೋರಿಸಿ, "ಇಂಥದ್ದೇ ಬರೆದುಕೊಡಿ ಅಕ್ಕ" ಅಂದೆ. ಅವರು ಕಣ್ಣು ಸಣ್ಣದು ಮಾಡಿ ತುಂಬಾ ಹೊತ್ತು ನೋಡಿದರು. "ಚಂದ ಇದೆ. ಬರೀತೀನಿ. ಆದರೆ ಇದು ನೋಡಿ ಬರೆದರೆ ಅವರದ್ದಾಗ್ತದೆ, ನಂದಾಗಲ್ಲ ಅಲ್ವಾ ತಂಗೀ?" ಅಂದರು. ನನಗೆ ನಾಚಿಕೆಯಾಯಿತು. ನಾನು ಐದು ಮನೆ ಹುಡುಕಿಕೊಂಡು ಬಂದದ್ದೇ ಐದು ಕೈ ಬೇಕು ಅಂತ. ಆಮೇಲೆ ಯಾವ ಮನೆಯಲ್ಲೂ ಫೋಟೋ ತೋರಿಸಲಿಲ್ಲ. "ನಿಮ್ಮ ಅಮ್ಮ ನಿಮಗೆ ಮೊದಲು ಕಲಿಸಿದ್ದು ಯಾವುದು?" ಅಂತ ಮಾತ್ರ ಕೇಳಿದೆ. ಒಬ್ಬರು ಏಣಿ ಅಂದರು, ಒಬ್ಬರು ಬಾಸಿಂಗ, ಇನ್ನೊಬ್ಬರು ಜೋಗಿ ಜಡೆ, ಮತ್ತೊಬ್ಬರು ಪಪ್ಪಳಿ. ಎಲ್ಲ ಚಿತ್ತಾರದ ವಿನ್ಯಾಸಗಳ ಹೆಸರು. ಐದನೆಯವರು ಏನೂ ಹೇಳದೆ ನಕ್ಕು, "ಬರೆದಾಗ ನೋಡಿ" ಅಂದರು.

ಹಲಗೆಯ ಬಗ್ಗೆ ಒಂದೆರಡು ಮಾತು. ಒಂದು ಅಡಿ ಚೌಕದ ಪ್ಲೈವುಡ್ ಸಾಕು. ತೆಳು ಪ್ಲೈ ತಗೋಬೇಡಿ, ಮಣ್ಣು ಬಳಿದರೆ ಡೊಂಕಾಗುತ್ತದೆ. ಕಾಗದ ಕೊಡುವುದಾದರೆ ದಪ್ಪದ್ದೇ ಕೊಡಿ. ಬರೆದ ಮೇಲೆ ಅದನ್ನು ಸುರುಳಿ ಸುತ್ತುವ ಹಾಗಿಲ್ಲ, ಸುತ್ತಿದರೆ ಮಣ್ಣಿನ ಪದರ ಬಿರಿಯುತ್ತದೆ.

ಎರಡನೇ ಸಲ ಹೋಗಿದ್ದು ಭೂಮಿ ಹುಣ್ಣಿಮೆಗೆ ಎರಡು ದಿನ ಮೊದಲು. ವಿಜಯದಶಮಿಯಾದ ಐದನೇ ದಿನ ಈ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುವ, ಅಂದರೆ ತೆನೆ ಇನ್ನೂ ಒಳಗೇ ಇರುವ ಹೊತ್ತು. ಭೂಮಿ ಬಸುರಿ ಅಂತ ಬಯಕೆಯ ಊಟ ಮಾಡಿ, ಬುಟ್ಟಿಯಲ್ಲಿಟ್ಟು ಬೆಳಕು ಹರಿಯುವ ಮೊದಲು ಗದ್ದೆಗೆ ಒಯ್ಯುತ್ತಾರೆ. ಆ ಬುಟ್ಟಿಗೂ ಚಿತ್ತಾರ ಬರೆಯಬೇಕು. ನಾಲ್ಕು ಹಲಗೆ ತಯಾರಾಗಿದ್ದವು. ಐದನೇ ಮನೆಯಲ್ಲಿ ನಮ್ಮ ಹಲಗೆ ಗೋಡೆಗೆ ಒರಗಿಕೊಂಡು ಬರಿ ಕೆಂಪಾಗಿ ನಿಂತಿತ್ತು. ಆ ಮನೆಯ ಅಮ್ಮ ಜಗಲಿಯಲ್ಲಿ ಕೂತು ಬುಟ್ಟಿಗೆ ಬರೆಯುತ್ತಿದ್ದರು. "ಬುಟ್ಟಿ ಆಗದೆ ನಿಂದಕ್ಕೆ ಕೈ ಹಾಕಲ್ಲ ಮಗಾ. ಕೂತ್ಕೋ, ಆಸ್ರಿಗೆ ಏನು ಬೇಕು?" ಅಂದರು. ಆಸ್ರಿಗೆ ಅಂದರೆ ಕುಡಿಯಲು.

ಕೂತೆವು. ಪ್ರವಾಸದಲ್ಲಿ ನನಗೆ ಉಳಿದದ್ದು ಆ ಎರಡು ಗಂಟೆಯೇ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ಗರಟೆಯಲ್ಲಿ ಅಕ್ಕಿ ಹಿಟ್ಟಿನ ಬಿಳಿ. ಪುಂಡಿ ನಾರನ್ನು ಅದರಲ್ಲಿ ಅದ್ದಿ, ಗರಟೆಯ ಅಂಚಿಗೆ ಒಮ್ಮೆ ಒತ್ತುತ್ತಾರೆ. ಹೆಚ್ಚಿನ ನೀರು ಇಳಿದು ಹೋಗುತ್ತದೆ. ಆಮೇಲೆ ನಾರಿನ ಇಡೀ ಉದ್ದವನ್ನು ಬುಟ್ಟಿಯ ಮೇಲೆ ಮಲಗಿಸಿ ಎಳೆಯುತ್ತಾರೆ. ತುದಿಯಿಂದ ಗೀಚುವುದಿಲ್ಲ. ಒಂದು ಎಳೆ ಮುಗಿಯುವವರೆಗೆ ಉಸಿರು ಬಿಡುವುದಿಲ್ಲ. ಎಳೆಯುವಾಗ ಗೆರೆ ಅಷ್ಟಾಗಿ ಕಾಣಿಸಲೇ ಇಲ್ಲ, ಹಸಿ ಮಣ್ಣಿನ ಮೇಲೆ ನೀರು ಹರಿದ ಹಾಗೆ ಮಸುಕು. ಒಣಗುತ್ತಾ ಒಣಗುತ್ತಾ ಬೆಳ್ಳಗೆ ಎದ್ದು ಬಂತು. ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ. ಬುಟ್ಟಿ ಉಬ್ಬಿದ ಕಡೆ ಎಳೆಗಳ ನಡುವಿನ ಜಾಗ ತಾನಾಗಿ ಹಿಗ್ಗುತ್ತಿತ್ತು, ಕೆಳಗೆ ಕುಗ್ಗುತ್ತಿತ್ತು. ನನ್ನ ತಂಗಿ ಎಣಿಸಲು ಹೋಗಿ ಮೂವತ್ತರ ಹತ್ತಿರ ಬಿಟ್ಟಳು.

ನೀವು ಹೋಗುವುದಾದರೆ ಹುಣ್ಣಿಮೆಗೆ ಮೊದಲು ಹೋಗಿ ಅಂತಲೇ ನಾನು ಹೇಳುವುದು. ಹಲಗೆ ಕೈಗೆ ಸಿಗದಿದ್ದರೂ ಇದು ಸಿಗುತ್ತದೆ. ಆದರೆ ಹಬ್ಬದ ಮನೆಯಲ್ಲಿ ಕೂತು ಅವಸರ ಮಾಡಬೇಡಿ. ಫೋಟೋ, ವಿಡಿಯೋ ತೆಗೆಯುವ ಮೊದಲು ಕೇಳಿ. ಹೋಗುವಾಗ ಹೂವು, ಹಣ್ಣು ತಗೊಂಡು ಹೋಗಿ.

ದುಡ್ಡಿನ ಮಾತು. ಬೆಲೆ ಎಷ್ಟು ಅಂದರೆ ಬಹಳ ಮನೆಯಲ್ಲಿ "ನೀವೇ ನೋಡಿ ಕೊಡಿ" ಅನ್ನುತ್ತಾರೆ. ಅದನ್ನು ಕಮ್ಮಿ ಕೊಡಲು ಸಿಕ್ಕ ಅನುಮತಿ ಅಂದುಕೊಳ್ಳಬೇಡಿ. ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿ. ನಮ್ಮ ಹಲಗೆಗೆ ಮಣ್ಣು ಸೋಸುವುದು, ಅಕ್ಕಿ ಅರೆಯುವುದು, ನಾರು ಬಡಿದು ಕಟ್ಟುವುದು ಸೇರಿ ಮೂರು ದಿನ ಅಂದರು. ಮೂರು ದಿನದ ಗದ್ದೆ ಕೂಲಿ ಲೆಕ್ಕ ಹಾಕಿ, ಅದರ ಎರಡರಷ್ಟು ಕೊಟ್ಟೆವು. ಅರ್ಧ ಮೊದಲೇ, ಅರ್ಧ ಕೊನೆಗೆ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ನಗದು ಇಟ್ಟುಕೊಂಡು ಹೋಗಿ. ದುಡ್ಡು ಮನೆಯ ಯಜಮಾನರ ಕೈಗೆ ಬೇಡ, ಬರೆದವರ ಕೈಗೇ ಕೊಡಿ. ಹಲಗೆಯ ಹಿಂದೆ ಅವರ ಹೆಸರು, ಊರು, ತಾರೀಕು ಬರೆಸಿಕೊಳ್ಳಿ. ಒಬ್ಬ ಅಕ್ಕ ಹೆಸರು ಬರೆಯಲು ಪೆನ್ ಬೇಡ ಅಂದು ಪುಂಡಿ ನಾರಿನಲ್ಲೇ ಬರೆದರು. ಆ ಹಲಗೆಯ ಹಿಂಭಾಗವನ್ನೂ ನಾನು ಬಂದವರಿಗೆಲ್ಲ ತಿರುಗಿಸಿ ತೋರಿಸುತ್ತೇನೆ.

ತರುವಾಗ ಎರಡು ಚಿತ್ತಾರ ಮುಖಕ್ಕೆ ಮುಖ ತಾಗಬಾರದು. ನಡುವೆ ಹತ್ತಿ ಬಟ್ಟೆ, ನಾಲ್ಕು ಮೂಲೆಗೆ ಥರ್ಮಾಕೋಲ್ ತುಂಡು ಇಡಿ. ನಾವು ಬಟ್ಟೆ ಕೊಂಡದ್ದು ಸಾಗರದ ಹತ್ತಿರದ ಹೆಗ್ಗೋಡಿನ ಚರಕದಲ್ಲಿ. ಅದು 1996ರಲ್ಲಿ ಶುರುವಾದ ಮಹಿಳೆಯರ ಸಹಕಾರ ಸಂಘ, ಕೈಮಗ್ಗದ ಬಟ್ಟೆಗೆ ಸೊಪ್ಪು, ತೊಗಟೆ, ಅಡಿಕೆ ಚೊಗರಿನ ಬಣ್ಣ ಹಾಕುತ್ತಾರೆ. ನೀನಾಸಂ ರಂಗಸಂಸ್ಥೆ ಅದೇ ಊರಲ್ಲಿದೆ, ನಾಟಕ ಇದ್ದರೆ ಒಂದು ರಾತ್ರಿ ಉಳಿಯಿರಿ. ಹಳೆಯ ದೇವಸ್ಥಾನಗಳಿರುವ ಇಕ್ಕೇರಿ, ಕೆಳದಿ ಎರಡೂ ಸಾಗರಕ್ಕೆ ಹತ್ತಿರ, ಆದರೆ ಹಲಗೆ ಆಟೋದಲ್ಲಿಟ್ಟುಕೊಂಡು ಸುತ್ತಬೇಡಿ. ಮೊದಲ ದಿನ ನೋಡಿಬಿಡಿ.

ಫ್ರೇಮ್ ಹಾಕಿಸುವಾಗ ನನಗೆ ಒಂದು ಪೆಟ್ಟು ಬಿತ್ತು. ಊರಿಗೆ ಬಂದು ಒಂದು ಅಂಗಡಿಗೆ ಕೊಟ್ಟೆ. ಅವರು ಗಾಜನ್ನು ಚಿತ್ತಾರಕ್ಕೆ ಒತ್ತಿ ಕೂರಿಸಿದರು. ನಮ್ಮ ಕಡೆಯ ತೇವಕ್ಕೆ ಅಕ್ಕಿಯ ಬಿಳಿ ಗಾಜಿಗೆ ಅಂಟಿಕೊಂಡಿತು. ಬಿಚ್ಚಿದಾಗ ಏಣಿಯ ಎರಡು ಮೆಟ್ಟಿಲು ಗಾಜಿನ ಜೊತೆ ಬಂದವು. ನನಗೆ ಅಳುವೇ ಬಂತು. ಗಾಜಿಗೂ ಚಿತ್ತಾರಕ್ಕೂ ನಡುವೆ ಅರ್ಧ ಇಂಚು ಪಟ್ಟಿ ಇರಲೇಬೇಕು. ಎದುರಿಗೆ ನಿಂತು ಮಾಡಿಸಿ. ಮಳೆನೀರು ಹೊಡೆಯುವ ಹೊರಗೋಡೆಗೆ ಹಾಕಬೇಡಿ, ಬೂಸ್ಟು ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಏಣಿ ಬರೆದ ಅಕ್ಕನಿಗೆ ಫೋನ್ ಮಾಡಿ ಹೇಳಿದಾಗ, "ತಗೊಂಡು ಬಾ, ಎರಡು ಎಳೆ ಎಳೆದರೆ ಆಯ್ತು" ಅಂದರು. ಈ ಚೌತಿ ಕಳೆದ ಮೇಲೆ ಹೋಗಬೇಕು.

ಐದನೇ ಹಲಗೆ ದೀಪಾವಳಿ ಹೊತ್ತಿಗೆ ಬಂತು. ಬುಟ್ಟಿಗೆ ಬರೆಯುತ್ತಿದ್ದ ಆ ಅಮ್ಮ ಅದನ್ನು ಸಾಗರದಿಂದ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದರು. ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಇಸ್ಕೊಂಡೆ. ಮೇಲೆ ಕೆಳಗೆ ಅಡಿಕೆ ಹಾಳೆ ಇಟ್ಟು, ಬಾಳೆಪಟ್ಟೆಯ ಹಗ್ಗದಲ್ಲಿ ಕಟ್ಟಿದ್ದರು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಬಿಚ್ಚಿದೆ. ತೇರು ಬರೆದಿದ್ದರು, ಗಾಲಿಯ ಹತ್ತಿರ ಪುಟ್ಟದಾಗಿ ಇಬ್ಬರು ಹೆಂಗಸರು ಕೂತಿದ್ದರು.