ತೊಂಬತ್ತರ ಮುದುಕನ ಮೇಲೆ ಕೇಸು ಯಾಕೆ?

"ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ. ಅಂಥ ಮುದುಕನನ್ನು ಜೈಲಿಗೆ ಹಾಕಿದರೆ ಏನು ಬಂತು?"

ನಾನು ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಕಾಯ್ದೆ ಪಾಠ ಮಾಡುವವಳು. ಪ್ರತಿ ವರ್ಷ ಜಾನ್ ಡೆಮ್ಯಾನ್ಯುಕ್ ಕೇಸು ಹೇಳುತ್ತೇನೆ: ನಾಜಿಗಳ ಕೊಲೆ ಶಿಬಿರದಲ್ಲಿ ಕಾವಲುಗಾರನಾಗಿದ್ದ ಅಂತ ತೊಂಬತ್ತರ ಆಸುಪಾಸಿನಲ್ಲಿ ಜರ್ಮನಿಯ ಕೋರ್ಟಿಗೆ ಬಂದವನು. ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಕ್ಲಾಸಿನಲ್ಲಿ ಬಂದರೆ ಸರಿ, ಮದುವೆ ಮನೆಯಲ್ಲೂ ಬರುತ್ತದೆ.

ಚಿಕ್ಕ ಉತ್ತರ: ಕೊಲೆಗೆ ವಯಸ್ಸಿನ ರಿಯಾಯಿತಿ ಇಲ್ಲ. ಹಿರಿಯರ ರಿಯಾಯಿತಿಯನ್ನು ರೈಲ್ವೆಯವರೇ ನಿಲ್ಲಿಸಿದ್ದಾರೆ. ಜರ್ಮನಿಯಲ್ಲಂತೂ ಕೊಲೆ ಕೇಸಿಗೆ ಕಾಲಮಿತಿಯನ್ನೇ 1979ರಲ್ಲಿ ತೆಗೆದುಹಾಕಿದರು.

ನನಗೆ ಸಿಟ್ಟು ಬರುವುದು ಕೇಳುವ ಧಾಟಿಗೆ. ಒಮ್ಮೆ ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು, "ಅಲ್ಲಮ್ಮಾ, ಬಿಪಿ, ಶುಗರ್ ಎಲ್ಲ ಇರೋ ವಯಸ್ಸು. ಸ್ಟ್ರೆಚರ್ ಮೇಲೆ ಕೋರ್ಟಿಗೆ ತರೋದಾ?" ಅಂದರು. ಇದೇ ದೊಡ್ಡವರು ಎಂಬತ್ತು ದಾಟಿದ ತಮ್ಮ ಅಣ್ಣನ ಮೇಲೆ ಸೈಟಿನ ಕೇಸು ಇನ್ನೂ ನಡೆಸುತ್ತಿದ್ದಾರೆ. ಅಲ್ಲಿ ಅಣ್ಣನ ಬಿಪಿ ಲೆಕ್ಕಕ್ಕಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದೆ.

ಅವರು ಕೇಳಬೇಕಿದ್ದದ್ದು ಬೇರೆ. ಅವನೇ ಇವನು ಅಂತ ಹೇಗೆ ಗೊತ್ತು?

ಡೆಮ್ಯಾನ್ಯುಕ್ ಉಕ್ರೇನಿನವನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯಲ್ಲಿ ದುಡಿದ. 1976ರಲ್ಲಿ ಇಸ್ರೇಲಿ ಪೊಲೀಸರು ಯಹೂದಿಗಳನ್ನು ಕೊಲ್ಲಲು ನಾಜಿಗಳು ನಡೆಸಿದ ಟ್ರೆಬ್ಲಿಂಕಾ ಶಿಬಿರದಿಂದ ಬದುಕಿ ಬಂದವರಿಗೆ ಫೋಟೋಗಳನ್ನು ತೋರಿಸಿದರು. ಕೆಲವರು ಇವನ ಫೋಟೋ ಮೇಲೆ ಬೆರಳಿಟ್ಟರು: ಗ್ಯಾಸ್ ಕೋಣೆ ನಡೆಸುತ್ತಿದ್ದ 'ಕ್ರೂರಿ ಇವಾನ್' ಇವನೇ. 1987ರಲ್ಲಿ ಜೆರುಸಲೇಮ್ ಕೋರ್ಟಿನಲ್ಲಿ ಎಲಿಯಾಹು ರೋಸೆನ್‌ಬರ್ಗ್ ಎಂಬ ಸಾಕ್ಷಿ, ಕನ್ನಡಕ ತೆಗೆಸಿ ಅಂದರು. ಹತ್ತಿರ ಹೋಗಿ ಕಣ್ಣು ನೋಡಿದರು. ಇವನು ಕೈ ಕುಲುಕಲು ಕೈ ಚಾಚಿದ. ರೋಸೆನ್‌ಬರ್ಗ್ ಅದನ್ನು ತಳ್ಳಿ ಕೂಗಿಕೊಂಡರು. ಇವನೇ, ಅನುಮಾನವೇ ಇಲ್ಲ.

ಅದೇ ರೋಸೆನ್‌ಬರ್ಗ್ 1947ರಲ್ಲಿ ಕೊಟ್ಟಿದ್ದ ಹೇಳಿಕೆಯಲ್ಲಿ, 1943ರಲ್ಲಿ ಶಿಬಿರದ ಕೈದಿಗಳು ಎಬ್ಬಿಸಿದ ದಂಗೆಯಲ್ಲೇ ಇವಾನ್ ಸತ್ತ ಅಂತಿತ್ತು.

ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರ ಜೊತೆ ನನಗೆ ಮಾತೂ ಬೇಡ. ಅವರು ನಂಬಿದ್ದರು. ಸಾಕ್ಷಿಯ ನಂಬಿಕೆ ಗಟ್ಟಿಯಾದಷ್ಟೂ ವಕೀಲ ಜಾಸ್ತಿ ಹೆದರಬೇಕು ಅಂತ ಕ್ಲಾಸಿನಲ್ಲಿ ಹೇಳುವುದು ಇದಕ್ಕೇ.

1988ರಲ್ಲಿ ಗಲ್ಲು ಶಿಕ್ಷೆಯಾಯಿತು. ಮೇಲ್ಮನವಿ ನಡೆಯುತ್ತಿರುವಾಗ ಸೋವಿಯತ್ ಒಕ್ಕೂಟ ಬಿತ್ತು, ಕಡತಗಳು ತೆರೆದುಕೊಂಡವು. ಟ್ರೆಬ್ಲಿಂಕಾದಲ್ಲಿದ್ದ ಮೂವತ್ತಕ್ಕೂ ಹೆಚ್ಚು ಜನ ಹಿಂದೆ ಕೊಟ್ಟ ಹೇಳಿಕೆಗಳು ಸಿಕ್ಕವು. ಆ ಇವಾನ್ ಬೇರೆಯವನು, ಇವಾನ್ ಮಾರ್ಚೆಂಕೊ! 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಸಂಶಯದ ಲಾಭ ಕೊಟ್ಟು ಬಿಟ್ಟುಬಿಟ್ಟಿತು. ಸೇಡಿಗೆ ಎಲ್ಲ ಕಾರಣವೂ ಇದ್ದ ದೇಶದ ಕೋರ್ಟು ಅದು. ನನ್ನ ಪ್ರಕಾರ ಇಡೀ ಕಥೆಯಲ್ಲಿ ನ್ಯಾಯ ತಲೆಯೆತ್ತಿ ನಿಂತದ್ದು ಅವತ್ತು.

ಹಾಗಂತ ಅವನು ಸಾಚಾ ಅಲ್ಲ. ನಾಜಿಗಳು ಕಾವಲುಗಾರರನ್ನು ತಯಾರು ಮಾಡುತ್ತಿದ್ದ ತ್ರಾವ್ನಿಕಿ ತರಬೇತಿ ಶಿಬಿರದ ಅವನ ಗುರುತಿನ ಚೀಟಿ, ನಂಬರ್ 1393, ಮೊದಲಿಂದಲೂ ಕೋರ್ಟಿನ ಮುಂದಿತ್ತು. ಅದರಲ್ಲಿ ಟ್ರೆಬ್ಲಿಂಕಾ ಇಲ್ಲ. 1943ರ ಮಾರ್ಚ್ 27ರಂದು ಸೋಬಿಬೋರ್‌ಗೆ ಕಳಿಸಲಾಗಿದೆ ಅಂತಿದೆ. ಸೋಬಿಬೋರ್ ಇದ್ದದ್ದೇ ಕೊಲ್ಲಲಿಕ್ಕೆ. ಅದನ್ನು ಹಿಡಿದೇ 2009ರಲ್ಲಿ ಮ್ಯೂನಿಕ್‌ನಲ್ಲಿ ಕೇಸು ಶುರುವಾಯಿತು. ವೈದ್ಯರ ಮಾತಿನಂತೆ ದಿನಕ್ಕೆ ತೊಂಬತ್ತು ನಿಮಿಷದ ಎರಡೇ ಬೈಠಕ್. ಇಂಥಿಂಥವರನ್ನು ಇವನೇ ಕೊಂದ ಅಂತ ಯಾರೂ ತೋರಿಸಲಿಲ್ಲ. ಅಲ್ಲಿ ಕಾವಲು ನಿಂತದ್ದೇ ಕೊಲೆಗೆ ನೆರವು ಅಂದಿತು ಕೋರ್ಟು. 28,000ಕ್ಕೂ ಹೆಚ್ಚು ಕೊಲೆಗಳಿಗೆ ಐದು ವರ್ಷ.

ಇಷ್ಟು ತಡ ಯಾಕೆ ಅಂತಲೂ ಕೇಳಬಹುದಿತ್ತು, ಅಲ್ವಾ? 1966ರಲ್ಲಿ ಜರ್ಮನಿಯದೇ ಹಾಗೆನ್ ಊರಿನ ಕೋರ್ಟಿನಲ್ಲಿ ಅದೇ ಸೋಬಿಬೋರ್‌ನ ಎಸ್‌ಎಸ್ (ನಾಜಿಗಳ ಖಾಸಾ ಪಡೆ) ಸಿಬ್ಬಂದಿಯ ತೀರ್ಪು ಬಂತು. ಇಂಥ ಕಾವಲುಗಾರರಿಗೆ ಹುಕುಂ ಕೊಡುತ್ತಿದ್ದವರು ಅವರು. ಆಗಿನ್ನೂ ಅವರಿಗೆ ಮುಪ್ಪು ಬಂದಿರಲಿಲ್ಲ. ಆಜ್ಞೆ ಮೀರಿದರೆ ತಮ್ಮ ಜೀವ ಹೋಗುತ್ತದೆ ಅಂತ ನಂಬಿದ್ದರು ಎಂಬ ಕಾರಣಕ್ಕೆ ಹಲವರನ್ನು ಬಿಟ್ಟರು. ಮೇಲಿನವರಿಗೆ ಖುಲಾಸೆ, ಗೇಟಿನಲ್ಲಿ ನಿಂತವನಿಗೆ ಶಿಕ್ಷೆ. ಮ್ಯೂನಿಕ್ ತೀರ್ಪು ಸರಿಯೇ ಅನ್ನುವ ನನಗೂ ಇದು ನುಂಗಲಾಗದ ತುತ್ತು.

ಮೇಲ್ಮನವಿ ಬಾಕಿ ಇರುವಾಗಲೇ, 2012ರ ಮಾರ್ಚ್‌ನಲ್ಲಿ, ಡೆಮ್ಯಾನ್ಯುಕ್ ಸತ್ತ. ಜರ್ಮನ್ ಕಾನೂನಿನಲ್ಲಿ ಆ ತೀರ್ಪು ಅಂತಿಮ ಆಗಲೇ ಇಲ್ಲ. ಉತ್ತರ ಪತ್ರಿಕೆಯಲ್ಲಿ ಯಾರಾದರೂ ಅವನನ್ನು 'ಅಪರಾಧಿ' ಅಂತ ಬರೆದರೆ ಅರ್ಧ ಅಂಕ ಕಳೆಯುತ್ತೇನೆ. 'ನಿರಪರಾಧಿ' ಅಂತ ಬರೆದರೆ ಪೂರ್ತಿ ಒಂದು.