ಉಪ್ಪುನೀರಿನ ಕೊಳದ ನಡುವೆ ಒಂದು ಚಹಾ

ಹಮರಿಕ್ಯು ತೋಟದ ಟಿಕೆಟ್ 300 ಯೆನ್. 65 ದಾಟಿದವರಿಗೆ ಅದರಲ್ಲಿ ಅರ್ಧ. ಟೋಕಿಯೋಗೆ ಬಂದ ಮೇಲೆ ಕಾಫಿಯಿಂದ ಕೊಡೆಯವರೆಗೆ ಎಲ್ಲದಕ್ಕೂ ರೂಪಾಯಿ ಲೆಕ್ಕ ಹಾಕಿ ಹೌಹಾರುತ್ತಿದ್ದ ಅಪ್ಪ, ಪಾಸ್‌ಪೋರ್ಟ್ ತೋರಿಸಿ 150 ಯೆನ್‌ಗೆ ಒಳಗೆ ಹೋದ ಖುಷಿಯಲ್ಲೇ ಅರ್ಧ ತೋಟ ಸುತ್ತಿದರು.

ತೋಟ ಇರುವುದು ಟೋಕಿಯೋ ಕೊಲ್ಲಿಯ ಅಂಚಿನಲ್ಲಿ. ಒಂದು ಕಡೆ ಶಿಯೊದೊಮೆಯ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಕಡಲು. ಒಂದು ಕಾಲಕ್ಕೆ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನದವರು ಬಾತುಕೋಳಿ ಬೇಟೆಯಾಡುತ್ತಿದ್ದ ಜಾಗ. ಆಮೇಲೆ ಚಕ್ರವರ್ತಿಯ ಕೈಗೆ ಬಂತು. ಜನರಿಗೆ ಬಾಗಿಲು ತೆರೆದಿದ್ದು 1946ರಲ್ಲಿ. ನಡುವೆ ದೊಡ್ಡ ಕೊಳ, ಅದರ ನಡುಗಡ್ಡೆಯಲ್ಲಿ ನಾವು ಹುಡುಕಿಕೊಂಡು ಹೋಗಿದ್ದ ಚಹಾಮನೆ, ನಕಜಿಮಾ ನೊ ಒಚಾಯ. ಉದ್ದನೆಯ ಮರದ ಸೇತುವೆ ದಾಟಿದರೆ ಸಿಗುತ್ತದೆ.

ಅಪ್ಪ ಸೇತುವೆ ಮೇಲೇ ನಿಂತುಬಿಟ್ಟರು. ನೀರಾವರಿ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ನೀರು ಕಂಡರೆ ಸಾಕು, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ. ದಂಡೆಯ ಕಲ್ಲುಗಳ ಮೇಲೆ ಒಂದೇ ಮಟ್ಟಕ್ಕೆ ಹಸಿ ಗೆರೆ ಇತ್ತು. ಕೆಳಗೆ ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳು.

"ಇದು ಮಳೆನೀರಲ್ಲ ಕಣೋ, ಸಮುದ್ರದ್ದು."

ನಿಜ. ಕೊಲ್ಲಿಯಲ್ಲಿ ಉಬ್ಬರ ಬಂದಾಗ ತೂಬು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಇಳಿತ ಬಂದಾಗ ಕೊಳವೂ ಇಳಿಯುತ್ತದೆ. ಬೆಳಿಗ್ಗೆ ನೋಡಿದ ದಂಡೆ ಮಧ್ಯಾಹ್ನ ಬೇರೆ ಥರ ಕಾಣುತ್ತದೆ. ಎದೋ ಕಾಲದ, ಅಂದರೆ ತೊಕುಗಾವಾಗಳ ಆಳ್ವಿಕೆಯ ಕಾಲದ ತೋಟಗಳಲ್ಲಿ ಹೀಗೆ ಈಗಲೂ ಕಡಲ ನೀರಿನಿಂದ ತುಂಬುವ ಕೊಳ ಟೋಕಿಯೋದಲ್ಲಿ ಇದೊಂದೇ ಉಳಿದಿದೆ. ಅಪ್ಪ ತೂಬು ಎಲ್ಲಿದೆ ಎಂದು ಕತ್ತು ಉದ್ದ ಮಾಡಿದರು. ಮೊದಲು ಚಹಾ ಅಂತ ಎಳೆದುಕೊಂಡು ಹೋದೆ.

ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ತತಾಮಿ ಚಾಪೆ, ಅದರ ಮೇಲೆ ಕೆಂಪು ಹಾಸು. ಪಕ್ಕದ ಪ್ರವಾಸಿಗಳು ಕಾಲು ಎಲ್ಲಿ ಇಡಬೇಕು ಅಂತ ಒದ್ದಾಡುತ್ತಿದ್ದರೆ ಅಪ್ಪ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತರು. ಬಂದಾಕೆ ಮಂಡಿಯೂರಿ ತಟ್ಟೆ ಇಟ್ಟು, ತಲೆ ಬಾಗಿಸಿ ಹೋದಳು. ಒಂದು ಬಟ್ಟಲು ಮಚ್ಚಾ (ಹಸಿರು ಚಹಾಪುಡಿ ಕಡೆದು ಮಾಡಿದ್ದು), ಮೇಪಲ್ ಎಲೆಯ ಆಕಾರದ ಒಂದು ಸಿಹಿ, ಅದನ್ನು ಕತ್ತರಿಸಲು ಸಣ್ಣ ಮರದ ಕಡ್ಡಿ. ಸಿಹಿ ಮೊದಲು ತಿನ್ನಬೇಕು. ಬಾಯಿಗಿಟ್ಟರೆ ಹೋಳಿಗೆ ಹೂರಣದ ಹಾಗೇ. ಏಲಕ್ಕಿ ಒಂದಿಲ್ಲ ಅಷ್ಟೆ. ಆಮೇಲೆ ಬಟ್ಟಲನ್ನು ಅಂಗೈ ಮೇಲಿಟ್ಟು, ಅದರ ಚಂದದ ಮುಖ ಆಚೆ ಹೋಗುವಂತೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ ಕುಡಿಯಬೇಕು. ಹಸಿರು ನೊರೆ ತುಟಿಗೆ ಮೆತ್ತಿಕೊಳ್ಳುತ್ತದೆ. ಕಹಿ ಆಮೇಲೆ ಬರುತ್ತದೆ, ಸಿಹಿ ಇನ್ನೂ ನಾಲಿಗೆ ಮೇಲೆ ಇರುವಾಗಲೇ. ನನಗೆ ಇಷ್ಟವಾಯಿತು. ಅಪ್ಪ ಕಷಾಯ ಕುಡಿಯುವ ಮುಖ ಮಾಡಿದರೂ ತಳದವರೆಗೆ ಕುಡಿದರು. ದುಡ್ಡು ಕೊಟ್ಟಿದ್ದೀವಲ್ಲ!

1879ರಲ್ಲಿ ಮೇಜಿ ಚಕ್ರವರ್ತಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಜೊತೆ ಕೂತು ಮಾತಾಡಿದ್ದು ಇದೇ ನಡುಗಡ್ಡೆಯ ಚಹಾಮನೆಯಲ್ಲಿ. ಹೊರದೇಶಗಳಿಂದ ಸಾಲ ತರಬೇಡಿ ಅಂತ ಗ್ರಾಂಟ್ ಬುದ್ಧಿ ಹೇಳಿದ್ದನಂತೆ. "ನಮ್ಮಜ್ಜನೂ ಅದನ್ನೇ ಹೇಳ್ತಿದ್ದ, ಯಾರು ಕೇಳಿದ್ರು?" ಅಂದರು ಅಪ್ಪ.

ಆದರೆ ಗ್ರಾಂಟ್ ಕೂತ ಮನೆ ಇದಲ್ಲ. ಇಲ್ಲಿ ಚಹಾಮನೆ ಮೊದಲು ಕಟ್ಟಿದ್ದು 1707ರಲ್ಲಿ. ಈಗಿರುವುದನ್ನು ಕಟ್ಟಿದ್ದು 1983ರಲ್ಲಿ. ಹಳೆಯದು 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಹೋಗುವ ಮುಂಚೆ ಇದನ್ನು ಓದಿ ನನಗೆ ಸ್ವಲ್ಪ ಪಿಚ್ಚೆನಿಸಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪನಿಗೆ ಹಾಗೇನೂ ಅನಿಸಲಿಲ್ಲ. "ಗೇಟ್ ಬದಲಾಯಿಸಿದ್ರೆ ಕೆರೆ ಹೊಸದಾಗುತ್ತಾ?" ಅಂತ ಕೇಳಿ ಜಗಲಿಗೆ ಎದ್ದು ಹೋದರು. ಜಗಲಿ ನೀರಿನ ಮೇಲಕ್ಕೇ ಚಾಚಿಕೊಂಡಿದೆ. ಅಲ್ಲಿ ಕೂತರೆ ಎದುರಿಗೆ ಪೈನ್ ಮರಗಳು, ಅವುಗಳ ತಲೆಯ ಮೇಲೆ ಆಫೀಸು ಕಟ್ಟಡಗಳು. ಫೋಟೋದಲ್ಲಿ ಆ ಕಟ್ಟಡಗಳು ಬರಬಾರದು ಅಂತ ಎಲ್ಲರೂ ಒದ್ದಾಡುತ್ತಾರೆ. ನನಗಂತೂ ಅವು ಇದ್ದರೇ ಚೆನ್ನ.

ತೋಟದೊಳಗಿನ ಕಟ್ಟೆಯಿಂದಲೇ ಅಸಾಕುಸಾಗೆ ದೋಣಿ ಹೊರಡುತ್ತದೆ. ಅದಕ್ಕೆ ಹೋಗೋಣ ಅಂತಿದ್ದೆ. ಅಪ್ಪ ದಾರಿಯಲ್ಲಿ ತೂಬು ಕಂಡುಹಿಡಿದರು. ಎಲೆ ಗುಡಿಸುತ್ತಿದ್ದ ಮುದುಕರೊಬ್ಬರ ಹತ್ತಿರ, ಕೈಯನ್ನು ಮೇಲೆ ಕೆಳಗೆ ಆಡಿಸಿ ಗೇಟ್ ಎತ್ತುವುದು ಹೇಗೆ ಅಂತ ಕನ್ನಡದಲ್ಲೇ ಕೇಳಿದರು. ಅವರು ಪೊರಕೆ ಒರಗಿಸಿಟ್ಟು ಜಪಾನಿಯಲ್ಲಿ ವಿವರಿಸಲು ಶುರುಮಾಡಿದರು. ಆ ದೋಣಿ ಹೋಯಿತು. ಮುಂದಿನದೂ ತಪ್ಪುವ ಲಕ್ಷಣ ಕಾಣುತ್ತಿತ್ತು.