ಮೋಟು ರೆಕ್ಕೆ

ನೆದರ್ಲೆಂಡ್ಸ್‌ನಲ್ಲಿ ಮೃಗಾಲಯಕ್ಕೆ ಹೋಗಿದ್ದೆವು. ಬಯಲು ಕೊಳದಲ್ಲಿ ಫ್ಲೆಮಿಂಗೋಗಳು. "ಬೇಲಿ ಇಷ್ಟು ಗಿಡ್ಡ, ಯಾಕಪ್ಪಾ ಹಾರಿಹೋಗಲ್ಲ?" ಅಂದಳು ಮಗಳು. ಅಷ್ಟರಲ್ಲಿ ಒಂದು ಹಕ್ಕಿ ರೆಕ್ಕೆ ಬಿಚ್ಚಿತು. ಒಂದು ಕಡೆ ಕಪ್ಪು ಗರಿಗಳ ಸಾಲು, ಇನ್ನೊಂದು ಕಡೆ ಮೋಟು.

ಗರಿ ಕತ್ತರಿಸಿದರೆ ಮತ್ತೆ ಬರುತ್ತೆ. ಮರಿಯಲ್ಲೇ ರೆಕ್ಕೆಯ ತುದಿ ಮೂಳೆ ಸಮೇತ ತೆಗೆದರೆ ಮುಗೀತು, ಜೀವನಪೂರ್ತಿ ಹಾರೋಕಾಗಲ್ಲ. ಇಲ್ಲಿನ ಮೃಗಾಲಯಗಳಲ್ಲಿ 2018ರಿಂದ ಅದಕ್ಕೆ ನಿಷೇಧವಿದೆ. ಇದು ಹಳೇ ಹಕ್ಕಿ ಇರಬೇಕು, 50 ದಾಟಿ ಬದುಕುವ ಜೀವ ಅಲ್ವಾ!

ಈಗ ಎತ್ತರದ ಬಲೆ ಕಟ್ಟಿ ಒಳಗೆ ಬಿಡ್ತಾರೆ. ದುಬಾರಿ, ನಿಜ. ಫ್ಲೆಮಿಂಗೋ ಮೇಲೇಳೋಕೆ ನೀರಿನ ಮೇಲೆ ದಡಬಡ ಓಡಬೇಕು, ಅಷ್ಟು ಜಾಗ ಬಲೆಯೊಳಗೆ ಬೇಕು. ಆದರೆ ರೆಕ್ಕೆ ಬರೀ ಹಾರೋಕಲ್ಲ, ಗಂಡು ಕೂಡುವಾಗ ಬೀಳದಿರೋದಕ್ಕೂ ಅದೇ ಆಸರೆ. ಬಲೆಯಿಂದ ಫೋಟೋ ಕೆಡುತ್ತೆ ಅಂತ ಗೊಣಗೋರೂ ಇದ್ದಾರೆ. ಕೆಡಲಿ ಬಿಡಿ.